ಹತ್ತರ ಪ್ರಾಯಕ್ಕೊಂದು ಕಾದಂಬರಿ

ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ ನಿಂತರೆ ನೇತ್ರಾವತಿಯ ಎರಡೂ ದಡಗಳು ಕಾಣುತ್ತವೆ. ತೆಂಕಣ ದಡದಲ್ಲಿ ಪಾಣೆಮಂಗಳೂರು ಪೇಟೆ, ಬಡಗಣ ದಡದಲ್ಲಿ ತುಸು ಮೇಲಕ್ಕೆ ಬಂಟ್ವಾಳ. ಘಟ್ಟದಿಂದ ಎತ್ತಿನ ಗಾಡಿಗಳಲ್ಲಿ ಇಳಿದ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಸರಕಿನಂತೆಯೇ ಭಾಷೆಗಳೂ ಇಲ್ಲಿ ಬಂದು ಸೇರಿದವು. ಅಂಗಡಿಯಲ್ಲಿ ತುಳು, ಕೆಲವು ಮನೆಗಳಲ್ಲಿ ಕೊಂಕಣಿ, ಇನ್ನು ಕೆಲವು ಮನೆಗಳಲ್ಲಿ ಬ್ಯಾರಿ. ಕನ್ನಡ ಮಾತ್ರ ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಸಿಗುವ ಭಾಷೆ. ಇಂಥ ಸೀಮೆಯಲ್ಲಿ 1874ರ ಫೆಬ್ರವರಿ 22ರಂದು, ಬಂಟ್ವಾಳದ ಕೊಂಕಣಿ ಮಾತಿನ ಮನೆಯೊಂದರಲ್ಲಿ ಹುಟ್ಟಿದವರು ಪಂಜೆ ಮಂಗೇಶರಾಯರು. ಕನ್ನಡದ ಮಕ್ಕಳ ಸಾಹಿತ್ಯದ ಮಾತು ಎತ್ತಿದವರೆಲ್ಲ ಅವರಿಂದಲೇ ಆರಂಭಿಸುತ್ತಾರೆ. ಆದರೆ ಬಹುಪಾಲು ಮಂದಿ ಅವರ ಶಿಶುಗೀತೆಗಳಲ್ಲಿಯೇ ನಿಂತುಬಿಡುತ್ತಾರೆ. ಹಾಡು ಬಾಯಿಪಾಠವಾದ ಮೇಲೆ, ದೊಡ್ಡವರ ಕಾದಂಬರಿ ಕೈಗೆ ಬರುವುದಕ್ಕೆ ಮುಂಚೆ, ಮಗುವಿಗೆ ನಾಲ್ಕೈದು ವರ್ಷಗಳ ಒಂದು ಓದಿನ ಕಾಲ ಬರುತ್ತದೆ. ಆ ಕಾಲಕ್ಕೆ ಕನ್ನಡ ಏನು ಕೊಟ್ಟಿದೆ ಎಂಬ ಪ್ರಶ್ನೆಗೂ ಪಂಜೆಯವರಿಂದಲೇ ಉತ್ತರ ಹುಡುಕಬೇಕಾಗುತ್ತದೆ.

ಪಾಶ್ಚಾತ್ಯ ಪ್ರಕಾಶಕರು ಈ ವಯಸ್ಸನ್ನು ಎಂಟರಿಂದ ಹನ್ನೆರಡು ಎಂದು ಗುರುತಿಸಿ, ಅದಕ್ಕೊಂದು ಪ್ರತ್ಯೇಕ ಕಪಾಟನ್ನೇ ಮಾಡಿಟ್ಟಿದ್ದಾರೆ. ಅಮೆರಿಕದಲ್ಲಿ 1922ರಿಂದ ಕೊಡುತ್ತಿರುವ ನ್ಯೂಬೆರಿ ಪದಕ ಬಹುಮಟ್ಟಿಗೆ ಈ ಕಪಾಟಿನ ಪುಸ್ತಕಗಳಿಗೇ ಸಲ್ಲುತ್ತ ಬಂದಿದೆ. 1928ರಲ್ಲಿ ಅದನ್ನು ಪಡೆದವರು ಬಂಗಾಳದಿಂದ ಹೋಗಿ ಅಲ್ಲಿ ನೆಲಸಿದ್ದ ಧನಗೋಪಾಲ ಮುಖರ್ಜಿ. ಪುಸ್ತಕ ಒಂದು ಪಾರಿವಾಳದ ಕಥೆ. ಇದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಕನ್ನಡದಲ್ಲಿ ಇಂಥ ಪುಸ್ತಕಗಳಿಗೆ ಮಕ್ಕಳ ಕಾದಂಬರಿ ಎಂದೋ ಕಿರಿಯರ ಕಾದಂಬರಿ ಎಂದೋ ಹೇಳುವ ರೂಢಿಯಿದೆ. ಹೆಸರಿದ್ದರೂ ಕಪಾಟು ಬಹುಕಾಲ ಬರಿದಾಗಿಯೇ ಇತ್ತು.

ಪಂಜೆಯವರ ವೃತ್ತಿಜೀವನವನ್ನು ನೋಡಿದರೆ ಈ ಬಗೆಯ ಬರಹ ಎಲ್ಲಿಂದ ಹುಟ್ಟುತ್ತದೆಂಬುದು ತಿಳಿಯುತ್ತದೆ. ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿದರು, ಆಮೇಲೆ ಶಾಲಾ ಇನ್ಸ್‌ಪೆಕ್ಟರರಾಗಿ ಹಳ್ಳಿ ಹಳ್ಳಿ ಸುತ್ತಿದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾದರು. ಅಂದಿನ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. ಇನ್ಸ್‌ಪೆಕ್ಟರ್ ಬಂದರೆಂದರೆ ಮಾಸ್ತರರಿಗೂ ಮಕ್ಕಳಿಗೂ ನಡುಕ ಹುಟ್ಟುತ್ತಿದ್ದ ಕಾಲ. ಆದರೆ ಆ ಹುದ್ದೆಯಲ್ಲಿದ್ದವರಿಗೆ ಬೇರೆ ಯಾವ ಸಾಹಿತಿಗೂ ಇಲ್ಲದ ಒಂದು ಅನುಕೂಲವಿತ್ತು. ಯಾವ ಪಾಠವನ್ನು ಮಕ್ಕಳು ಅರ್ಥವಾಗಿ ಓದುತ್ತಾರೆ, ಯಾವುದನ್ನು ಬರಿದೆ ಒಪ್ಪಿಸುತ್ತಾರೆ ಎಂಬುದು ದಿನನಿತ್ಯ ಕಿವಿಗೆ ಬೀಳುತ್ತಿತ್ತು. ಮನೆಯಲ್ಲಿ ತುಳುವಾಡುವ ಮಗು ಕನ್ನಡದ ಯಾವ ವಾಕ್ಯದಲ್ಲಿ ಎಡವುತ್ತದೆಂದು ಕಂಡವನು ತನ್ನ ವಾಕ್ಯವನ್ನು ಗಿಡ್ಡ ಮಾಡಲೇಬೇಕು, ಕ್ರಿಯಾಪದವನ್ನು ಗಟ್ಟಿ ಮಾಡಲೇಬೇಕು. ಪಂಜೆಯವರ ಗದ್ಯದ ಸರಳತೆಯನ್ನು ಕೇವಲ ಪ್ರತಿಭೆಯ ಕೊಡುಗೆಯೆಂದು ಹೊಗಳುವುದಕ್ಕಿಂತ, ಕನ್ನಡ ತಾಯ್ನುಡಿಯಲ್ಲದ ಮಕ್ಕಳ ನಡುವೆ ದುಡಿದು ಪಡೆದದ್ದೆಂದು ತಿಳಿಯುವುದು ಹೆಚ್ಚು ಸರಿ. ಅವರದೂ ಕನ್ನಡ ಮಾತಿನ ಮನೆಯಲ್ಲವಷ್ಟೆ.

ಮಂಗಳೂರಿನಲ್ಲಿ ಅವರು ಗೆಳೆಯರೊಡನೆ ಕಟ್ಟಿದ ಬಾಲಸಾಹಿತ್ಯ ಮಂಡಲ ಮಕ್ಕಳಿಗೆಂದೇ ಪುಸ್ತಕ ತರುವ ಉದ್ದೇಶದ್ದು. ಬೇರೆ ನಾಡಿನ ಕಥೆಯನ್ನು ತಂದು ಇಲ್ಲಿಯ ಅಂಗಳದಲ್ಲಿ ಓಡಾಡಿಸುವುದರಲ್ಲಿ ಪಂಜೆಯವರು ನಿಪುಣರು. ಬ್ರೌನಿಂಗ್ ಕವಿಯ ಇಲಿಗಾರನ ಪದ್ಯ ಅವರ ಕೈಯಲ್ಲಿ ‘ಇಲಿಗಳ ತಕಥೈ’ ಆಯಿತು. ಅದೇ ವಸ್ತು ಕುವೆಂಪು ಅವರಲ್ಲಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮನೆಮಾತಾದುದು ಎಲ್ಲರಿಗೂ ಗೊತ್ತು. ‘ಗುಡುಗುಡು ಗುಮ್ಮಟ ದೇವರು’ ಎಂಬ ಕಥೆಯ ಹೆಸರನ್ನೇ ನೋಡಿ. ಅರ್ಥ ತಿಳಿಯುವ ಮೊದಲೇ ಶಬ್ದ ಮಗುವನ್ನು ಹಿಡಿದು ನಿಲ್ಲಿಸುತ್ತದೆ.

ಇವೆಲ್ಲ ಚಿಕ್ಕ ಕಥೆಗಳು. ಕಾದಂಬರಿಗೆ ಹತ್ತಿರ ಬರುವುದು ‘ಕೋಟಿ ಚೆನ್ನಯ’. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ, ಗರಡಿಗಳ ನೇಮದಲ್ಲಿ ಉಳಿದು ಬಂದ ತುಳು ಪಾಡ್ದನವನ್ನು ಪಂಜೆಯವರು ಕನ್ನಡ ಗದ್ಯದ ಕಥನವಾಗಿ ಬರೆದರು. ಪಡುಮಲೆಯ ಬಲ್ಲಾಳನಿಗೆ ಮದ್ದು ಮಾಡಿ ಬದುಕಿಸಿದ ದೇಯಿ ಬೈದೆತಿಯ ಅವಳಿ ಮಕ್ಕಳು ಕೋಟಿ ಮತ್ತು ಚೆನ್ನಯ. ಹುಡುಗರಾಗಿದ್ದಾಗ ಬುದ್ಯಂತನ ಮಕ್ಕಳೊಡನೆ ಆಟದಲ್ಲಿ ಎದ್ದ ಜಗಳ ಮುಂದೆ ಗದ್ದೆಯ ನೀರಿನ ಜಗಳವಾಗಿ, ಕೊಲೆಯಾಗಿ, ಊರು ಬಿಡುವ ಪ್ರಸಂಗವಾಗಿ, ಕೊನೆಗೆ ಎಣ್ಮೂರಿನ ಯುದ್ಧದಲ್ಲಿ ಅಣ್ಣತಮ್ಮಂದಿರ ಸಾವಿನಲ್ಲಿ ಮುಗಿಯುತ್ತದೆ. ಕಥೆಯ ಬೀಜ ಇರುವುದು ಮಕ್ಕಳ ಆಟದಲ್ಲಿ. ಆಟದಲ್ಲಿ ಮೋಸವಾಯಿತು, ದೊಡ್ಡವರು ನ್ಯಾಯ ಹೇಳಲಿಲ್ಲ ಎಂಬ ನೋವು ಹತ್ತು ವರ್ಷದ ಓದುಗನಿಗೆ ಬೇರೆ ಯಾವ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ. ರಾಜಕೀಯವನ್ನೂ ಜಾತಿಯ ಅವಮಾನವನ್ನೂ ಮಕ್ಕಳಿಗೆ ಹೇಗೆ ಹೇಳಬೇಕೆಂದು ಇಂದು ಚರ್ಚಿಸುವವರು ಮೊದಲು ಈ ಕಥೆ ಎಲ್ಲಿಂದ ಆರಂಭವಾಗುತ್ತದೆಂಬುದನ್ನು ನೋಡಬೇಕು. ಸಾವನ್ನೂ ಅದು ಮಕ್ಕಳಿಂದ ಮುಚ್ಚಿಡುವುದಿಲ್ಲ.

ಇಷ್ಟು ಒಳ್ಳೆಯ ಆರಂಭವಿದ್ದೂ ಅನಂತರದ ಅರ್ಧ ಶತಮಾನ ಕನ್ನಡದಲ್ಲಿ ಮಕ್ಕಳ ಕಾದಂಬರಿ ಏಕೆ ಬೆಳೆಯಲಿಲ್ಲ? ಪಂಜೆಯವರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಹಿಂದೆ ಬಂದವರಿಗೇನು ಉತ್ಸಾಹ ಕಡಿಮೆಯಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಕುಳಿತು ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ಅದೇ ಜಿಲ್ಲೆಯ ಸುಳ್ಯ ಸೀಮೆಯ ನಿರಂಜನರು ಕಿರಿಯರಿಗಾಗಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಸಂಪಾದಿಸಿದರು. ಅನುಪಮಾ ನಿರಂಜನರು ‘ದಿನಕ್ಕೊಂದು ಕಥೆ’ ಎಂದು ವರ್ಷಪೂರ್ತಿಗೆ ಸಾಲುವಷ್ಟು ಕಥೆ ಕೊಟ್ಟರು. ಗಮನಿಸಿದರೆ ಇವೆಲ್ಲ ಒಂದೋ ಜ್ಞಾನದ ಪುಸ್ತಕ, ಇಲ್ಲವೇ ಬಿಡಿ ಕಥೆ. ಕಾರಂತ, ನಿರಂಜನರಂಥ ದೊಡ್ಡ ಕಾದಂಬರಿಕಾರರು ಮಕ್ಕಳ ಕಡೆಗೆ ತಿರುಗಿದಾಗ ಅವರ ಕೈಗೆ ಬಂದದ್ದು ವಿಶ್ವಕೋಶ! ಸ್ವಾತಂತ್ರ್ಯದ ಹಿಂದು ಮುಂದಿನ ಆ ತಲೆಮಾರಿಗೆ ಮಗುವಿನ ತಿಳಿವಳಿಕೆಯ ಹಸಿವು ಮೊದಲು ಕಂಡಿತು. ಅದನ್ನು ತಪ್ಪೆನ್ನುವಂತಿಲ್ಲ.

ಇನ್ನೊಂದು ಕಾರಣ ಸಮಾಜದ್ದು. ಹತ್ತು ಹನ್ನೆರಡರ ಪ್ರಾಯ ಓದಿನ ಪ್ರಾಯವಾಗಬೇಕಾದರೆ ಮಗು ಆ ವಯಸ್ಸಿನಲ್ಲಿ ಶಾಲೆಯಲ್ಲಿರಬೇಕು. ನಾಲ್ಕನೆಯ ಇಯತ್ತೆ ಮುಗಿಸಿ ಗದ್ದೆಗೋ ಬೀಡಿ ಕಟ್ಟಲಿಕ್ಕೋ ಅಂಗಡಿಯ ಗಲ್ಲಕ್ಕೋ ಹೋದ ಮಕ್ಕಳಿಗೆ ನೂರು ಪುಟದ ಕಥೆ ಓದುವ ಬಿಡುವೆಲ್ಲಿ? ಓದು ಮುಂದುವರಿಸಿದವರೂ ಸುಮ್ಮನೆ ಕೂರಲಿಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಧಾರಾವಾಹಿಗಳಿಗಾಗಿ ತಿಂಗಳಿಡೀ ಕಾದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಇಟ್ಟು ಓದಿದರು. ವಿಮರ್ಶಕರು ಮೂಗು ಮುರಿದ ಆ ಪತ್ತೇದಾರಿ ಪುಸ್ತಕಗಳು ಒಂದು ತಲೆಮಾರಿಗೆ ಪುಟ ತಿರುವುವ ಅಭ್ಯಾಸ ಕಲಿಸಿದವು. ಅಧ್ಯಾಯದ ಕೊನೆಯಲ್ಲಿ ಒಂದು ಬಾಗಿಲು ತೆರೆದು, ಯಾರು ಒಳಗೆ ಬಂದರೆಂದು ಹೇಳದೆ ನಿಲ್ಲಿಸುವ ವಿದ್ಯೆ ಅವುಗಳಿಗೆ ಗೊತ್ತಿತ್ತು. ಆದರೆ ಅವು ಮಕ್ಕಳಿಗಾಗಿ ಬರೆದವಲ್ಲ. ಅಲ್ಲಿ ಸಾಹಸ ಮಾಡುವವನು ದೊಡ್ಡವನು, ಮಗು ಬರಿಯ ಪ್ರೇಕ್ಷಕ.

ಕಿರಿಯರ ಕಾದಂಬರಿಯ ಕಸುಬಿನ ಮೊದಲ ಮಾತು ಇದೇ. ನಿರ್ಧಾರ ಮಾಡುವವನು ಮಗುವೇ ಆಗಿರಬೇಕು. ಮಗುವಿನ ಕಷ್ಟವನ್ನು ಕೊನೆಯ ಪುಟದಲ್ಲಿ ಮಾವನೋ ಮಾಸ್ತರರೋ ಬಂದು ಪರಿಹರಿಸಿದರೆ ಓದುಗ ಮೋಸ ಹೋದಂತೆ. ಆದ್ದರಿಂದಲೇ ಬರೆಯುವವರು ತಂದೆತಾಯಿಗಳನ್ನು ಹೇಗಾದರೂ ಕಥೆಯಿಂದ ದೂರ ಇಡುವ ಉಪಾಯ ಹೂಡುತ್ತಾರೆ. ರಜೆಗೆ ಅಜ್ಜನ ಮನೆಗೆ ಕಳಿಸುವುದು, ಕಾಡಿನಲ್ಲಿ ದಾರಿ ತಪ್ಪಿಸುವುದು, ಮನೆ ಬಿಟ್ಟು ಓಡಿಸುವುದು ಇವೆಲ್ಲ ಆ ಉಪಾಯಗಳೇ. ಉಪಾಯ ಹಳೆಯದಾದರೂ ಚಿಂತೆಯಿಲ್ಲ, ಆಮೇಲೆ ಆ ಮಗು ಏನು ಮಾಡುತ್ತದೆಂಬುದು ಮುಖ್ಯ.

ಇದಕ್ಕೆ ಕನ್ನಡಿಗರೆಲ್ಲ ಬಲ್ಲ ಉದಾಹರಣೆ ಪುಸ್ತಕಕ್ಕಿಂತ ಚಲನಚಿತ್ರದಿಂದ ಸಿಗುತ್ತದೆ. ಎನ್. ಲಕ್ಷ್ಮೀನಾರಾಯಣ ಅವರು 1985ರಲ್ಲಿ ನಿರ್ದೇಶಿಸಿದ ‘ಬೆಟ್ಟದ ಹೂವು’ ಬಾಲಕ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಅದರ ಮೂಲ ಶರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿ 1960ರಲ್ಲಿ ಈ ವಯಸ್ಸಿನ ಓದುಗರಿಗೆಂದೇ ಭಾರತದ ಬೆಟ್ಟದೂರೊಂದರ ಹುಡುಗನ ಬಗ್ಗೆ ಬರೆದ ಕಾದಂಬರಿ. ಬಡ ಹುಡುಗನಿಗೆ ಒಂದು ರಾಮಾಯಣ ಕೊಳ್ಳುವ ಆಸೆ. ಕನ್ನಡ ಚಿತ್ರದಲ್ಲಿ ಅದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಬೆಟ್ಟದ ಹೂವು ಆಯ್ದು ಕೊಟ್ಟು ಬಿಡಿಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಿಂದ ಮನೆಯವರಿಗಾಗಿ ಕಂಬಳಿ ಕೊಂಡು ತರುತ್ತಾನೆ. ಕಥೆಯಲ್ಲಿ ರಾಕ್ಷಸನಿಲ್ಲ, ನಿಧಿಯಿಲ್ಲ. ಒಂದು ಪುಸ್ತಕದ ಬೆಲೆ ಮತ್ತು ಒಂದು ಚಳಿಗಾಲ, ಅಷ್ಟೆ. ಆದರೆ ಹುಡುಗನ ಆಸೆ ಎಷ್ಟು ಸ್ಪಷ್ಟವಾಗಿದೆಯೆಂದರೆ, ಅದನ್ನು ಬಿಟ್ಟುಕೊಡುವ ಗಳಿಗೆಯ ಭಾರ ನೋಡುವ ಮಗುವಿನ ಮೇಲೂ ಬೀಳುತ್ತದೆ. ತ್ಯಾಗ ದೊಡ್ಡದು ಎಂದು ಯಾರಾದರೂ ಅಲ್ಲಿ ಭಾಷಣ ಮಾಡಿದ್ದರೆ ಎಲ್ಲವೂ ಕೆಡುತ್ತಿತ್ತು.

ಈ ಭಾಷಣದ ಚಾಳಿಯೇ ಕನ್ನಡದ ಮಕ್ಕಳ ಬರಹವನ್ನು ಬಹಳ ಕಾಲ ಕಾಡಿದ ರೋಗ. ನೀತಿಯಿಲ್ಲದ ಕಥೆಯನ್ನು ಶಾಲೆ ಒಪ್ಪಲಿಕ್ಕಿಲ್ಲ, ಶಾಲೆ ಒಪ್ಪದ ಪುಸ್ತಕವನ್ನು ಕೊಳ್ಳುವವರಿಲ್ಲ ಎಂಬ ಭಯ ಬರೆಯುವವರಿಗಿತ್ತು. ಮಕ್ಕಳ ಪುಸ್ತಕವನ್ನು ಮಕ್ಕಳು ಕೊಳ್ಳುವುದಿಲ್ಲವಲ್ಲ! ಕೊಳ್ಳುವವರು ಹಿರಿಯರು, ಆರಿಸುವವರು ಗ್ರಂಥಾಲಯದವರು, ಬಹುಮಾನ ಕೊಡುವವರು ಪಂಡಿತರು. ಓದುವವನ ಅಭಿಪ್ರಾಯ ಕೇಳುವುದು ಎಲ್ಲರಿಗಿಂತ ಕೊನೆಗೆ. ಸ್ಟೀವನ್‌ಸನ್ ‘ಟ್ರೆಷರ್ ಐಲೆಂಡ್’ ಬರೆಯುವಾಗ 1881ರಲ್ಲಿ ಅಧ್ಯಾಯಗಳನ್ನು ಮಲಮಗನಿಗೂ ಮನೆಯವರಿಗೂ ಓದಿ ಹೇಳುತ್ತಿದ್ದನಂತೆ. ಹುಡುಗನ ಮುಖದಲ್ಲಿ ಆಕಳಿಕೆ ಕಂಡರೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಬೇರೆ ಬೇಕೆ?

ಭಾಷೆಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದದ್ದು. ಸುಲಭವಾಗಿ ಬರೆಯುವುದೆಂದರೆ ಕಠಿಣ ಶಬ್ದಗಳನ್ನು ತೆಗೆದುಹಾಕುವುದು ಎಂದು ಅನೇಕರು ತಿಳಿದಿದ್ದಾರೆ. ಹತ್ತು ವರ್ಷದ ಮಗು ಹೊಸ ಶಬ್ದಕ್ಕೆ ಹೆದರುವುದಿಲ್ಲ; ಕ್ರಿಕೆಟ್ಟಿನ, ಮೊಬೈಲಿನ ಎಷ್ಟು ಪಾರಿಭಾಷಿಕ ಶಬ್ದಗಳನ್ನು ಅದು ನುಂಗಿ ಅರಗಿಸಿಕೊಂಡಿಲ್ಲ? ಅದು ಹೆದರುವುದು ಮುಗಿಯದ ವಾಕ್ಯಕ್ಕೆ, ಯಾರು ಯಾರಿಗೆ ಹೇಳಿದರೆಂದು ತಿಳಿಯದ ಸಂಭಾಷಣೆಗೆ, ಒಂದೇ ಪುಟದಲ್ಲಿ ಏಳು ಹೆಸರು ಬಂದು ನಿಲ್ಲುವುದಕ್ಕೆ. ಕುಂಟಾಲ ಹಣ್ಣು, ಅಂಬಟೆ, ಕಾಟು ಮಾವು ಎಂಬ ಹೆಸರುಗಳನ್ನು ತೆಗೆದು ‘ಹಣ್ಣು’ ಎಂದು ಬರೆದರೆ ವಾಕ್ಯ ಸುಲಭವಾಗಲಿಲ್ಲ, ಬಡವಾಯಿತು.

ಇನ್ನು ಇದನ್ನು ಬರೆದವರು ಯಾರು, ಹೇಗೆ ಬದುಕಿದರು ಎಂಬ ಪ್ರಶ್ನೆ. ಒಂದು ಸಣ್ಣ ಲೆಕ್ಕ ಹಾಕಬಹುದು. ಕನ್ನಡದಲ್ಲಿ ಒಂದು ಮಕ್ಕಳ ಕಾದಂಬರಿಯ ಬೆಲೆ ನೂರು ರೂಪಾಯಿ ಎನ್ನೋಣ, ಸಾವಿರ ಪ್ರತಿ ಅಚ್ಚಾಯಿತು ಎನ್ನೋಣ, ಲೇಖಕನಿಗೆ ನೂರಕ್ಕೆ ಹತ್ತರ ಗೌರವಧನ. ಎಲ್ಲ ಪ್ರತಿಗಳೂ ಖರ್ಚಾದರೆ ಕೈಗೆ ಬರುವುದು ಹತ್ತು ಸಾವಿರ ರೂಪಾಯಿ. ವರ್ಷಕ್ಕೊಂದು ಬರೆದರೂ ತಿಂಗಳಿಗೆ ಸಾವಿರ ತುಂಬುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಮಕ್ಕಳ ಕಾದಂಬರಿಕಾರನಿಗೆ ಇನ್ನೊಂದು ಉದ್ಯೋಗ ಇದ್ದೇ ಇರುತ್ತದೆ. ಆ ಉದ್ಯೋಗ ಬಹಳ ಸಲ ಬರಹಕ್ಕೆ ನೀರೆರೆದಿದೆ. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲಿದ್ದವರು. ಕಡತಗಳಲ್ಲಿ ಊರುಗಳು ಮುಳುಗುವುದನ್ನೂ ಕಣ್ಣೆದುರು ಮನೆಗಳು ಖಾಲಿಯಾಗುವುದನ್ನೂ ಕಂಡರು. ಅದನ್ನು ‘ಮುಳುಗಡೆ’, ‘ದ್ವೀಪ’ಗಳಲ್ಲಿ ದೊಡ್ಡವರಿಗೆ ಹೇಳಿದರು. ಅಷ್ಟಕ್ಕೆ ಬಿಡದೆ ಮಕ್ಕಳಿಗೂ ‘ಮುಳುಗಡೆಯ ಊರಿಗೆ ಬಂದವರು’ ಬರೆದರು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. 2014ರ ಆರಂಭದಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಮಕ್ಕಳಿಗೆ ಬರೆಯುವುದನ್ನು ಎಡಗೈ ಕೆಲಸವೆಂದು ತಿಳಿಯದೆ ಕೊನೆತನಕ ಬರೆದ ಈ ಹಿರಿಯರು 2025ರ ಜನವರಿಯಲ್ಲಿ ಮಂಗಳೂರಿನಲ್ಲಿ ನಿಧನರಾದರು.

ಈ ಪುರಸ್ಕಾರ ಆರಂಭವಾದದ್ದು 2010ರಲ್ಲಿ. ಮೊತ್ತ ಐವತ್ತು ಸಾವಿರ ರೂಪಾಯಿ. ಮೊದಲ ವರ್ಷ ಕನ್ನಡಕ್ಕೆ ಬಂದದ್ದೂ ಕಾದಂಬರಿಗೇ. ಪುತ್ತೂರಿನ ಬೊಳುವಾರಿನವರಾದ, ಬ್ಯಾಂಕಿನಲ್ಲಿ ದುಡಿದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಅದು. ಮಹಾತ್ಮನನ್ನು ಪೀಠದಿಂದ ಇಳಿಸಿ ಪಾಪು ಮಾಡಿಕೊಂಡ ಮೇಲಷ್ಟೇ ಮಕ್ಕಳು ಅವನ ಜೊತೆ ನಡೆಯಲು ಸಾಧ್ಯ ಎಂಬ ತಿಳಿವು ಹೆಸರಿನಲ್ಲೇ ಇದೆ. 2012ರಲ್ಲಿ ಮೂಡಬಿದಿರೆ ಕಡೆಯ, ಅಧ್ಯಾಪಕರಾಗಿದ್ದ ಪಳಕಳ ಸೀತಾರಾಮ ಭಟ್ಟರಿಗೆ ಅವರ ಒಟ್ಟು ಸೇವೆಗಾಗಿ ಈ ಗೌರವ ಸಂದಿತು. ಮೊದಲ ಮೂರು ವರ್ಷಗಳಲ್ಲಿ ಇಬ್ಬರು ಪಂಜೆಯವರ ಜಿಲ್ಲೆಯವರೇ ಎಂಬುದನ್ನು ಆ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆಮೇಲೆ ಕೆಲವು ವರ್ಷ ಕವಿಗಳ ಪಾಳಿ. 2019ರಿಂದ ಗಾಳಿ ಮತ್ತೆ ಕಾದಂಬರಿಯ ಕಡೆ ಬೀಸಿತು. ಚಂದ್ರಕಾಂತ ಕರದಳ್ಳಿ ಅವರ ‘ಕಾಡು ಕನಸಿನ ಬೀದಿಗೆ’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಇವರಲ್ಲಿ ಬೇವಿನಗಿಡದ ಅವರು ಧಾರವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಉತ್ತರ ಕನ್ನಡದ ಬೀಗಾರ ಅವರೂ ಕುಂದಾಪುರ ಸೀಮೆಯ ಹಾಲಾಡಿಯವರೂ ಶಾಲೆಯಲ್ಲಿ ಪಾಠ ಹೇಳಿದವರು. ಇನ್ಸ್‌ಪೆಕ್ಟರ್ ಮಂಗೇಶರಾಯರ ಕಾಲಕ್ಕೂ ಇಂದಿಗೂ ನಡುವೆ ಶತಮಾನ ಕಳೆದರೂ ತರಗತಿಯ ಕೋಣೆಯಿಂದಲೇ ಈ ಬರಹ ಬರುತ್ತಿದೆ. ಪುಸ್ತಕಗಳ ಹೆಸರನ್ನೇ ಕೇಳಿ: ಕಾಡು, ಗುಹೆ, ಹಕ್ಕಿ, ಓಡಿ ಹೋಗುವುದು. ರಾಜಕುಮಾರರು ಕಾಣೆಯಾಗಿದ್ದಾರೆ, ಮಕ್ಕಳು ಮನೆಯ ಹಿತ್ತಲು ದಾಟಿ ಹೊರಟಿದ್ದಾರೆ.

ಪುರಸ್ಕಾರಗಳ ಪಟ್ಟಿ ಉದ್ದವಾದಷ್ಟೂ ಓದುಗರ ಪಟ್ಟಿ ಉದ್ದವಾಗಿದೆಯೇ ಎಂಬುದು ಮಾತ್ರ ಬೇರೆ ಪ್ರಶ್ನೆ. ಪಂಜೆಯವರ ಕಾಲದ ಬಂಟ್ವಾಳದ ಮಗುವಿಗೆ ಕನ್ನಡ ಮನೆಯ ಮಾತಲ್ಲದಿದ್ದರೂ ಓದಿನ ಭಾಷೆ ಅದೊಂದೇ ಆಗಿತ್ತು. ಇಂದು ಪಾಣೆಮಂಗಳೂರಿನ ಎಷ್ಟೋ ಮನೆಗಳಲ್ಲಿ ಮಗು ಬ್ಯಾರಿಯಲ್ಲೋ ತುಳುವಿನಲ್ಲೋ ಮಾತಾಡುತ್ತದೆ, ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನ ಕಲಿಯುತ್ತದೆ. ಕನ್ನಡ ದಿನಕ್ಕೊಂದು ಪೀರಿಯಡಿನ ಪಾಠ, ಕೊನೆಗೊಂದು ಪರೀಕ್ಷೆ. ಅಂಥ ಮಗುವಿಗೆ ಅಕ್ಷರ ಬರುತ್ತದೆ, ಪುಟ ಮುಗಿಸುವ ಉಸಿರು ಸಾಲುವುದಿಲ್ಲ. ಆ ಉಸಿರು ಬರುವುದು ಹತ್ತು ಹನ್ನೆರಡರ ನಡುವೆ, ಮುಂದೇನಾಯಿತೆಂಬ ಕುತೂಹಲ ತಡೆಯಲಾರದೆ ಒಂದು ದೊಡ್ಡ ಕಥೆಯನ್ನು ತಾನೇ ಓದಿ ಮುಗಿಸಿದಾಗ. ಆಗ ತಪ್ಪಿದರೆ ಹದಿನೈದರಲ್ಲಿ ಕಾರಂತರ ಕಾದಂಬರಿ ಕೊಟ್ಟು ಓದು ಎಂದರೆ ಫಲವಿಲ್ಲ. ಕನ್ನಡಕ್ಕೆ ಓದುಗರು ಕಡಿಮೆಯಾದರೆಂದು ಸಮ್ಮೇಳನಗಳಲ್ಲಿ ಮರುಗುವವರು ಶಾಲೆಯ ಐದನೆಯ ತರಗತಿಯ ಕಪಾಟಿನಲ್ಲಿ ಏನಿದೆಯೆಂದು ತೆರೆದು ನೋಡುವುದು ಅಪರೂಪ.

ಬರೆಯುವವರಿಗೆ ಈ ನದಿದಡದಲ್ಲಿ ವಸ್ತುವಿಗೆ ಬರವಿಲ್ಲ. 1923ರ ನೆರೆ, 1974ರ ನೆರೆ ಎಂದರೆ ಇಲ್ಲಿಯ ಹಿರಿಯರು ಈಗಲೂ ಗೋಡೆಯ ಮೇಲೆ ಕೈಯಿಟ್ಟು ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸುತ್ತಾರೆ. ಅಟ್ಟ ಹತ್ತಿದ ಮಕ್ಕಳು, ತೇಲಿ ಬಂದ ಕರು, ಒಂದೇ ದೋಣಿಗೆ ಕಾದು ಕುಳಿತ ಮೂರು ಭಾಷೆಯ ಮೂರು ಮನೆಗಳು: ನೂರು ಪುಟದ ಕಥೆಗೆ ಇಷ್ಟು ಸಾಕು. ಕಷ್ಟವಿರುವುದು ಆ ದೋಣಿಯೊಳಗಿನ ಮಾತಿನಲ್ಲಿ. ತುಳುವಿನ ಹುಡುಗ, ಕೊಂಕಣಿಯ ಹುಡುಗಿ, ಬ್ಯಾರಿ ಮನೆಯ ಮಗು ಮೂವರೂ ಅಚ್ಚ ಗ್ರಾಂಥಿಕ ಕನ್ನಡದಲ್ಲಿ ಮಾತಾಡಿದರೆ ಊರಿನ ಮಕ್ಕಳೇ ನಕ್ಕಾರು. ಮೂವರ ಮಾತನ್ನೂ ಇದ್ದಂತೆಯೇ ಬರೆದರೆ ಘಟ್ಟದ ಮೇಲಿನ ಮಗುವಿಗೆ ತಿಳಿಯದು. ಪಾಡ್ದನದ ತುಳುವನ್ನು ಕನ್ನಡ ಮಾಡುವಾಗ ಪಂಜೆಯವರಿಗೆ ಎದುರಾದದ್ದೂ ಇದೇ ತೊಡಕು. ಇಂದಿನ ಬರಹಗಾರರು ಕೂಗುವ ಹೆಸರು, ಬೈಗುಳ, ತಿಂಡಿ, ಮೀನು, ಮರಗಳ ಹೆಸರುಗಳನ್ನು ಊರಿನ ಮಾತಿನಲ್ಲೇ ಉಳಿಸಿಕೊಂಡು, ಮಿಕ್ಕುದನ್ನು ನೇರವಾದ ಆಡುಗನ್ನಡದಲ್ಲಿ ಹೇಳಿ ದಾರಿ ಮಾಡಿಕೊಳ್ಳುತ್ತಿದ್ದಾರೆ. ‘ಬಲೆ’ ಎಂದರೆ ‘ಬನ್ನಿ’ ಎಂದು ಬೆಂಗಳೂರಿನ ಮಗುವಿಗೆ ಎರಡನೆಯ ಸಲ ಬಂದಾಗ ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೆ ಅಡಿಟಿಪ್ಪಣಿ ಬೇಡ.